ಹಳೇ ಬರೋಲೊ ವೈನ್ ಬಾಟಲಿಯನ್ನು ಊಟಕ್ಕೆ ಎಷ್ಟು ಹೊತ್ತು ಮೊದಲು ತೆರೆಯಬೇಕು?

ಪ್ರಶ್ನೆ: ನಾವು ಮೂರು ವರ್ಷದಿಂದ ಇಟಲಿಯ ತುರಿನ್‌ನಲ್ಲಿ ಇದ್ದೇವೆ. ಬರುವ ಶನಿವಾರ ರಾತ್ರಿ ಆಫೀಸಿನ ಗೆಳೆಯರು ಊಟಕ್ಕೆ ಬರುತ್ತಾರೆ, ನಾವೂ ಸೇರಿ ಎಂಟು ಜನ. ಮನೆಯಲ್ಲಿ ಇಟಲಿಯ ಎರಡು ಕೆಂಪು ವೈನ್ ಇವೆ, 1999ರ ಒಂದು ಬರೋಲೊ, 2010ರ ಒಂದು ಬ್ರುನೆಲ್ಲೊ ದಿ ಮೊಂತಾಲ್ಚಿನೊ. ಬರುವವರಲ್ಲಿ ಒಬ್ಬರು ಇನ್ನೊಂದು ಕೆಂಪು ವೈನ್, 2012ರ ಅಮರೋನೆ ತರುತ್ತಾರಂತೆ. ಯಾವುದು ಮೊದಲು, ಯಾವುದು ಆಮೇಲೆ? ಎಷ್ಟು ಹೊತ್ತು ಮೊದಲು ತೆರೆಯಬೇಕು? ನನ್ನ ಹೆಂಡತಿಗೆ ಬಿರಿಯಾನಿ ಮಾಡುವ ಆಸೆ. ಇಬ್ಬರು ಮಾಂಸ ತಿನ್ನುವುದಿಲ್ಲ.

ಉತ್ತರ: ಬಿರಿಯಾನಿ ಇನ್ನೊಂದು ದಿನಕ್ಕೆ ಇರಲಿ, ದಯವಿಟ್ಟು. ನಿಮ್ಮ ಮನೆಯವರ ಕೈರುಚಿ ಬಗ್ಗೆ ನನಗೆ ಅನುಮಾನವೇ ಇಲ್ಲ, ತೊಂದರೆ ಇರುವುದು ಖಾರ ಮತ್ತು ಲವಂಗ, ಏಲಕ್ಕಿಯಲ್ಲಿ. ಮೆಣಸಿನಕಾಯಿ ಖಾರದ ಮೇಲೆ ವೈನ್ ಕುಡಿದರೆ ಆಲ್ಕೋಹಾಲ್ ನಾಲಿಗೆಯನ್ನು ಇನ್ನೂ ಸುಡುತ್ತದೆ, ಒಗರು ಜಾಸ್ತಿಯಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಪರಿಮಳದ್ದು. ಹಳೇ ಬರೋಲೊದ ಜೀವ ಇರುವುದೇ ಅದರ ಪರಿಮಳದಲ್ಲಿ. ಒಣಗಿದ ಗುಲಾಬಿ, ಡಾಂಬರು, ತಂಬಾಕು, ಮಳೆ ಬಿದ್ದ ಕಾಡಿನ ಮಣ್ಣು. ಎಲ್ಲವೂ ಮೆಲ್ಲಗೆ ಬರುತ್ತವೆ. ಬಿರಿಯಾನಿ ಪಾತ್ರೆಯ ಮುಚ್ಚಳ ತೆಗೆದ ಮೇಲೆ ಇವು ಯಾರ ಮೂಗಿಗೂ ಸಿಗುವುದಿಲ್ಲ.

ಹಳೇದು ಅಂದರೆ ಜೋರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲಿ ಅದು ತಿರುವುಮುರುವು. ಬರೋಲೊ ಮಾಡುವ ನೆಬ್ಬಿಯೋಲೊ ದ್ರಾಕ್ಷಿಯ ವೈನ್ ಎಳೆಯದಿದ್ದಾಗ ವಿಪರೀತ ಒಗರು. ಎಳೆ ಅಡಿಕೆ ಅಗಿದ ಹಾಗೆ ಬಾಯಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಈಗಿನ ನಿಯಮದ ಪ್ರಕಾರ ಕನಿಷ್ಠ 38 ತಿಂಗಳು ಇಟ್ಟ ಮೇಲೆಯೇ ಮಾರುಕಟ್ಟೆಗೆ ಬಿಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಆಮೇಲೆ ಬಾಟಲಿಯೊಳಗೆ ವರ್ಷಗಟ್ಟಲೆ ಕಳೆದಂತೆ ಆ ಒಗರಿನ ಅಂಶ ಮತ್ತು ಬಣ್ಣ ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ಕೆಳಗೆ ಕೂರುತ್ತವೆ. ಉಳಿದ ವೈನ್ ಮೆದುವಾಗುತ್ತದೆ, ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ನಿಮ್ಮ 1999ರ ಬಾಟಲಿ ಈಗ ಆ ಹಂತದಲ್ಲಿ ಇರಬೇಕು. ಅದರ ಮುಂದೆ ಅಡುಗೆ ಗಲಾಟೆ ಮಾಡಬಾರದು, ಅಷ್ಟೇ ನನ್ನ ಮಾತು.

ಗುರುವಾರವೇ ಬರೋಲೊ, ಬ್ರುನೆಲ್ಲೊ ಎರಡನ್ನೂ ನೆಟ್ಟಗೆ ನಿಲ್ಲಿಸಿಬಿಡಿ, ಗಸಿ ತಳಕ್ಕೆ ಇಳಿಯಲಿ. ಶನಿವಾರ ಬ್ರುನೆಲ್ಲೊವನ್ನು ಎರಡು ಗಂಟೆ ಮೊದಲು ತೆರೆದು ಅಗಲ ಬಾಯಿಯ ಗಾಜಿನ ಜಗ್‌ಗೆ ಸುರಿಯಿರಿ, 2010 ಒಳ್ಳೆಯ ವರ್ಷ, ಆ ವೈನ್‌ಗೆ ಇನ್ನೂ ಕಸುವಿದೆ, ಗಾಳಿ ತಾಗಿದರೆ ಒಳ್ಳೆಯದೇ. ಬರೋಲೊಗೆ ಮಾತ್ರ ಹಾಗೆ ಮಾಡಬೇಡಿ. ಊಟಕ್ಕೆ ಒಂದು ಗಂಟೆ ಮೊದಲು ಕಾರ್ಕ್ ತೆಗೆಯಿರಿ, ಎರಡು ಚಮಚದಷ್ಟು ಲೋಟಕ್ಕೆ ಬಿಟ್ಟು ಮೂಸಿ ನೋಡಿ. ಪರಿಮಳ ಬರುತ್ತಿದ್ದರೆ ಬಾಟಲಿಯಲ್ಲೇ ಬಿಟ್ಟುಬಿಡಿ. ಮುದುಡಿಕೊಂಡಿದೆ ಅನಿಸಿದರೆ ಬಡಿಸುವ ಹೊತ್ತಿಗೆ ಜಗ್‌ಗೆ ಬಗ್ಗಿಸಿದರೆ ಸಾಕು. ನಾನೊಮ್ಮೆ 1982ರ ಬರೋಲೊವನ್ನು ಮೂರು ಗಂಟೆ ಮೊದಲೇ ಜಗ್‌ಗೆ ಸುರಿದಿಟ್ಟಿದ್ದೆ. ಮೊದಲ ಹತ್ತು ನಿಮಿಷ ಇಡೀ ಕೋಣೆಗೆ ಗುಲಾಬಿ ಪರಿಮಳ, ಊಟಕ್ಕೆ ಕೂರುವ ಹೊತ್ತಿಗೆ ಬರೀ ಹುಳಿ ನೀರು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಕ್ರಮ ಹೀಗಿರಲಿ: ಬ್ರುನೆಲ್ಲೊ, ಬರೋಲೊ, ಕೊನೆಗೆ ಅಮರೋನೆ. ಎಳೆಯದು ಮೊದಲು, ಹಳೇದು ಆಮೇಲೆ ಅನ್ನುವ ರೂಢಿ ಇದೆ, ಆದರೆ ಅಮರೋನೆಗೆ ಅದು ಹೊಂದುವುದಿಲ್ಲ. ವೆರೋನಾ ಹತ್ತಿರದ ವಾಲ್ಪೊಲಿಚೆಲ್ಲಾದಲ್ಲಿ ಕೊರ್ವಿನಾ ಮುಂತಾದ ದ್ರಾಕ್ಷಿಗಳನ್ನು ತಿಂಗಳುಗಟ್ಟಲೆ ಒಣಗಿಸಿ ಇದನ್ನು ಮಾಡುತ್ತಾರೆ. ಸಕ್ಕರೆ ಗಟ್ಟಿಯಾಗಿ, ಆಲ್ಕೋಹಾಲ್ ಸಾಮಾನ್ಯವಾಗಿ 15 ಪರ್ಸೆಂಟ್ ದಾಟಿರುತ್ತದೆ. ಅದನ್ನು ಕುಡಿದ ನಾಲಿಗೆಗೆ ಬರೋಲೊ ನೀರಿನಂತೆ ಅನಿಸುತ್ತದೆ. ಊಟ ಮುಗಿದು ಚೀಸ್ ತಟ್ಟೆ ಬಂದಾಗ ಕೊಡಿ, ಹೊಂದುತ್ತದೆ. ಒಂದು ಬಾಟಲಿಯಲ್ಲಿ ಇರುವುದು 750 ಮಿಲಿ, ಎಂಟು ಜನಕ್ಕೆ ತಲಾ 90 ಮಿಲಿ ಬರುತ್ತದೆ. ಮೂರು ವೈನ್ ಇರುವಾಗ ಅದೇ ಸರಿಯಾದ ಅಳತೆ.

ಅಡುಗೆಗೆ ನೀವಿರುವ ಪಿಯೆಮೊಂತೆ ಪ್ರಾಂತ್ಯದ ದಾರಿಯನ್ನೇ ಹಿಡಿಯಿರಿ. ತಾಯಾರಿನ್ ಅಂತ ಮೊಟ್ಟೆಯ ಹಳದಿ ಜಾಸ್ತಿ ಹಾಕಿದ ಸಣ್ಣ ಶಾವಿಗೆಯಂಥ ಪಾಸ್ತಾ ಸಿಗುತ್ತದೆ, ಬೆಣ್ಣೆಯಲ್ಲಿ ಪೊರ್ಚಿನಿ ಅಣಬೆ ಹುರಿದು ಬೆರೆಸಿ. ಮಾಂಸ ತಿನ್ನದವರಿಗೂ ಆಗುತ್ತದೆ, ಮೊಟ್ಟೆ ತಿನ್ನುತ್ತಾರಾ ಅಂತ ಮಾತ್ರ ಕೇಳಿಕೊಳ್ಳಿ. ಇಲ್ಲವಾದರೆ ಅಣಬೆಯ ರಿಸೊಟ್ಟೊ, ಅಂದರೆ ಮೆತ್ತಗೆ ಬೇಯಿಸಿದ ಇಟಲಿಯ ಅನ್ನ, ಮಾಡಿ. ಬೆಣ್ಣೆಯ ಜಿಡ್ಡು ಒಗರನ್ನು ತಗ್ಗಿಸುತ್ತದೆ, ಅಣಬೆಯ ಮಣ್ಣಿನ ವಾಸನೆ ವೈನ್‌ನಲ್ಲೂ ಇದೆ. ಉಳಿದವರಿಗೆ ದನದ ಮಾಂಸವನ್ನು ಕೆಂಪು ವೈನ್‌ನಲ್ಲಿ ಮೂರ್ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಬೇಯಿಸುವ ಬ್ರಾಸಾತೊ ಮಾಡಿ. ಅದಕ್ಕೆ ಅಗ್ಗದ ಬಾಟಲಿ ಸಾಕು, ನಿಮ್ಮ 1999 ಅನ್ನು ಪಾತ್ರೆಗೆ ಹಾಕಬೇಡಿ. ಟೊಮೆಟೊ, ವಿನೆಗರ್ ಎರಡನ್ನೂ ದೂರ ಇಡಿ. ಇನ್ನೊಂದು ವಿಷಯ: ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಆ ಇಬ್ಬರು ಕಟ್ಟುನಿಟ್ಟಿನ ಸಸ್ಯಾಹಾರಿಗಳಾಗಿದ್ದರೆ ಮೊದಲೇ ಹೇಳಿಬಿಡಿ, ತಿಂದ ಮೇಲೆ ಗೊತ್ತಾದರೆ ಬೇಜಾರಾಗುತ್ತದೆ ಅಲ್ವಾ.

ಪ್ರಶ್ನೆ: ಹಳೆಯ ಕಿಯಾಂಟಿ ಕ್ಲಾಸಿಕೊ ಅನ್ನುವ ಕೆಂಪು ವೈನ್ ಬಾಟಲಿ ತೆರೆಯುವಾಗ ಕಾರ್ಕ್ ಪುಡಿಪುಡಿ ಆಯಿತು. ತಳದಲ್ಲಿ ಕಪ್ಪು ಗಸಿ ಬೇರೆ. ಕೆಟ್ಟಿದೆ ಅಂತ ಚೆಲ್ಲಿದೆವು. ಸರಿಯೇ?

ಉತ್ತರ: ಮೂಸಿ ನೋಡಿದ್ದಿರಾ? ಗಸಿ ಇದ್ದ ಮಾತ್ರಕ್ಕೆ ಕೆಟ್ಟಿಲ್ಲ, ಕಾರ್ಕ್ ಮುರಿದರೂ ಕೆಟ್ಟಿಲ್ಲ. ಮುಂದಿನ ಸಲ ತೊಳೆದು ಒಣಗಿಸಿದ ತೆಳು ಮಲ್ ಬಟ್ಟೆಯಲ್ಲಿ ಸೋಸಿ, ನಿಧಾನವಾಗಿ ಬಗ್ಗಿಸಿ, ಗಸಿ ಕುತ್ತಿಗೆಗೆ ಬರುವಾಗ ನಿಲ್ಲಿಸಿ. ಹಳೇ ಕಾರ್ಕ್‌ಗೆ ತಿರುಪಿನ ಓಪನರ್‌ಗಿಂತ ಎರಡು ತೆಳು ಅಲಗು ಇರುವ ಓಪನರ್ ವಾಸಿ, ಕಾರ್ಕ್‌ನ ಎರಡು ಬದಿಗೆ ಇಳಿದು ಅದನ್ನು ಹಿಡಿದುಕೊಂಡೇ ಮೇಲೆ ಬರುತ್ತದೆ. ಚೆಲ್ಲಬೇಕಾದದ್ದು ಒದ್ದೆ ರಟ್ಟಿನ ಮುಗ್ಗಲು ವಾಸನೆ ಬಂದರೆ, ಇಲ್ಲವೇ ವಿನೆಗರ್‌ನಂತೆ ಮೂಗಿಗೆ ಚುಚ್ಚಿದರೆ.

ಪ್ರಶ್ನೆ: ಮಿಲಾನ್‌ನಿಂದ ಬಂದ ಭಾವ 2019ರ ಬರೋಲೊ ಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ಹತ್ತು ವರ್ಷ ಇಡಬಹುದಾ?

ಉತ್ತರ: ವೈನ್‌ಗೆ ಆ ತಾಕತ್ತು ಇದೆ, ನಿಮ್ಮ ಮನೆಗೆ ಇದೆಯಾ ಅನ್ನುವುದು ಪ್ರಶ್ನೆ. ಅದಕ್ಕೆ ವರ್ಷವಿಡೀ 12ರಿಂದ 14 ಡಿಗ್ರಿ ಬೇಕು, ಕತ್ತಲೆ ಬೇಕು, ಬಾಟಲಿ ಅಡ್ಡ ಮಲಗಿರಬೇಕು. ಅಡುಗೆಮನೆ ಕಪಾಟಿನಲ್ಲಿ ಇಟ್ಟರೆ ಎರಡು ಬೇಸಿಗೆಗೇ ಸೊರಗುತ್ತದೆ. ವೈನ್‌ಗೆಂದೇ ಬರುವ ಸಣ್ಣ ಫ್ರಿಜ್ ಇದ್ದರೆ ಧೈರ್ಯವಾಗಿ ಇಡಿ. ಇಲ್ಲದಿದ್ದರೆ ಈ ವರ್ಷವೇ ಕುಡಿಯಿರಿ. ಇದು ಎಳೆಯದು, ಹಳೇ ಬರೋಲೊದ ಹಾಗಲ್ಲ, ಮೂರು ಗಂಟೆ ಮೊದಲು ಜಗ್‌ಗೆ ಸುರಿದು, ಬಡಿಸುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು 18 ಡಿಗ್ರಿ ಹತ್ತಿರಕ್ಕೆ ತನ್ನಿ. ಜೊತೆಗೆ ಮೂಳೆ ಸಮೇತ ನಿಧಾನವಾಗಿ ಬೇಯಿಸಿದ ಮಟನ್, ಮೆಣಸಿನಕಾಯಿ ತುಂಬಾ ಕಡಿಮೆ, ತುಪ್ಪ ಧಾರಾಳವಾಗಿ.