ಆಪರೇಷನ್ ಎಷ್ಟಾದವು ಸರಿ, ಕಣ್ಣು ಎಷ್ಟು ಕಂಡವು?

ಗಂಗಾವತಿಯ ಓದುಗರೆ,

ನಿಮ್ಮೂರಿನ ಉಚಿತ ನೇತ್ರ ಶಿಬಿರದ ವರದಿಯಲ್ಲಿ ಆಪರೇಷನ್‌ಗಳ ಸಂಖ್ಯೆ ಹಾಕದೇ ಇದ್ದದ್ದು ಸಂಘಟಕರಿಗೆ ಮಾಡಿದ ಅವಮಾನ ಎಂದು ಸಿಟ್ಟಿನಿಂದ ಬರೆದಿದ್ದೀರಿ. ಬೇಕೆಂದೇ ಬಿಟ್ಟೆವು. ಅವರ ಮೇಲೆ ನಮಗೇನೂ ಹಗೆಯಿಲ್ಲ. ಪೆಂಡಾಲು, ಊಟ, ವ್ಯಾನು ಎಲ್ಲ ಅಚ್ಚುಕಟ್ಟಾಗಿತ್ತು. ಆದರೆ ಎಷ್ಟು ಜನರ ಪೊರೆ ತೆಗೆದರು ಎಂಬುದು ಡಾಕ್ಟರ ದುಡಿಮೆಯ ಲೆಕ್ಕ. ಆರು ವಾರದ ಮೇಲೆ ಎಷ್ಟು ಜನರಿಗೆ ಕಂಡಿತು ಎಂಬುದು ರೋಗಿಗೆ ದಕ್ಕಿದ್ದರ ಲೆಕ್ಕ. ಅದನ್ನು ಕೇಳಿದರೆ ರಿಜಿಸ್ಟರಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಅಳೆಯುವುದು ಕಷ್ಟವೂ ಅಲ್ಲ. ಒಳ್ಳೆಯ ಕಣ್ಣು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ಆಪರೇಷನ್ ಆದ ಕಣ್ಣು 6 ಮೀಟರಿನಿಂದಾದರೂ ಓದಬೇಕು. ಚೀಟಿಯಲ್ಲಿ 6/18 ಎಂದು ಬರೆಯುವುದು ಇದನ್ನೇ. ಓದು ಬಾರದ ಅಜ್ಜಿಗೆ ಇಂಗ್ಲಿಷ್ ‘ಇ’ ಅಕ್ಷರವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿರುವ ಚಾರ್ಟು ಇದೆ, ಕಾಲು ಯಾವ ಕಡೆ ಇವೆಯೆಂದು ಬೆರಳಲ್ಲಿ ತೋರಿಸಿದರಾಯಿತು. ನೂರರಲ್ಲಿ 80 ಕಣ್ಣಾದರೂ ಈ ಮಟ್ಟ ಮುಟ್ಟಬೇಕು, ತೀರಾ ಕೆಟ್ಟವು 5 ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಹಾಕಿಕೊಟ್ಟ ಮಾನದಂಡ. ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್ ನೂರು ವರ್ಷಕ್ಕೂ ಹಿಂದೆಯೇ ರೋಗಿಗೊಂದು ಕಾರ್ಡು ಇಟ್ಟು, ವರ್ಷ ಕಳೆದ ಮೇಲೆ ಹೇಗಿದ್ದೀರೆಂದು ವಿಚಾರಿಸುತ್ತಿದ್ದರು. ಆಸ್ಪತ್ರೆಗಳು ತಮ್ಮ ತಪ್ಪನ್ನೂ ಅಚ್ಚು ಹಾಕಿಸಬೇಕೆಂದು ಹಟ ಹಿಡಿದು ಸಹೋದ್ಯೋಗಿಗಳ ಕಣ್ಣಿಗೆ ಕೆಟ್ಟವರಾದರು.

ಫಲಿತಾಂಶ ಕೇಳತೊಡಗಿದರೆ ಡಾಕ್ಟರು ಕಷ್ಟದ ಕೇಸು ಮುಟ್ಟುವುದಿಲ್ಲ ಎಂದಿದ್ದೀರಲ್ಲ, ಆ ಮಾತಿಗೆ ತೂಕವಿದೆ. ನ್ಯೂಯಾರ್ಕ್ ರಾಜ್ಯ 1989ರಿಂದ ಬೈಪಾಸ್ ಸಾವುಗಳ ಲೆಕ್ಕ ಇಡತೊಡಗಿದಾಗ ಇದೇ ದೂರು ಎದ್ದಿತ್ತು, ರೋಗಿಯ ವಯಸ್ಸು, ಹಳೆಯ ಕಾಯಿಲೆ ಎಲ್ಲ ಹಿಡಿದೇ ಲೆಕ್ಕ ಹಾಕುತ್ತಿದ್ದರೂ. ಹಾಗೆಂದು ಅಳತೆ ಬಿಡಲಾಗದು. ಪೊರೆ ಪೂರ್ತಿ ಬಲಿತಿತ್ತೇ, ಸಕ್ಕರೆ ಕಾಯಿಲೆ ಇತ್ತೇ ಎಂದು ಮೊದಲೇ ಬರೆದಿಟ್ಟುಕೊಂಡು ಅಂಥವರನ್ನು ಅಂಥವರ ಜೊತೆಗೇ ಹೋಲಿಸಬೇಕು.

ಇನ್ನು ‘ಉಚಿತ’ದ ಮಾತು. ಕನಕಗಿರಿ ಕಡೆಯ ಹಳ್ಳಿಯಿಂದ ಮರುತಪಾಸಣೆಗೆ ಬರುವ ಅಜ್ಜಿಗೆ ಶಕ್ತಿ ಯೋಜನೆಯಲ್ಲಿ ಬಸ್ಸೂ ಪುಕ್ಕಟೆ. ಕೈಹಿಡಿದು ಕರೆತರುವ ಮಗನಿಗೆ ಟಿಕೆಟ್ಟೂ ಉಂಟು, ಅವತ್ತಿನ ಕೂಲಿಯೂ ಹೋಗುತ್ತದೆ. ಹಾಗಾಗಿ ಅಜ್ಜಿ ಬರುವುದೇ ಇಲ್ಲ. ಬಂದವರನ್ನಷ್ಟೇ ಅಳೆದು ಎಲ್ಲರಿಗೂ ಕಂಡಿತು ಎಂದರೆ ಅದೂ ಸುಳ್ಳು ಲೆಕ್ಕವೇ.

ಸಂಘಟಕರಿಗೆ ನೀವು ಬೇಕಾದವರು. ಮರುತಪಾಸಣೆಯನ್ನು ಭತ್ತದ ನಾಟಿಯ ದಿನಗಳಲ್ಲಿ ಇಡಬೇಡಿ ಎಂದು ಹೇಳಿ. ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಚಾರ್ಟು ಹಿಡಿದು ಹೋಗಿಬರಲಿ. ಅವರಿಗೂ ಆ ಕೆಲಸದ ದುಡ್ಡು ಕೊಡಿ.

— ಸಂಪಾದಕ