ಸುದ್ದಿ ತಲೆಬರಹದಲ್ಲಿ ಜಾತಿ: ದೂರು ಯಾರಿಗೆ?

ನಮಸ್ಕಾರ್ರೀ. ಮುಧೋಳದ ಕಳ್ಳತನದ ಸುದ್ದಿಗೆ ಆರೋಪಿಯ ಜಾತಿಯನ್ನೇ ತಲೆಬರಹ ಮಾಡಿದ್ದಾರೆ, ಯಾರಿಗೆ ಹೇಳಬೇಕು ಅಂತ ಕೇಳಿದ್ದೀರಿ. ಸುಮ್ನೆ ಬಿಡಬೇಡಿ. ಇಲ್ಲಿ ವಿಜಯಪುರದ ಚಹಾದಂಗಡಿಯಲ್ಲಿ ಒಬ್ಬರು ಅಂಥದ್ದೇ ತಲೆಬರಹವನ್ನು ಜೋರಾಗಿ ಓದಿದ್ದರು. ಗ್ಲಾಸ್ ತೊಳೆಯುತ್ತಿದ್ದ ಹುಡುಗ ಅದೇ ಜಾತಿಯವನು. ತಲೆ ಎತ್ತಲೇ ಇಲ್ಲ. ಆವತ್ತೇ ನಾನು ದೂರು ಬರೆಯಲು ಕೂತೆ.

ಮೊದಲು ಸಂಪಾದಕರಿಗೆ ಬರೆಯಿರಿ. ಯಾವ ಸಾಲು ತಪ್ಪು, ಯಾಕೆ ತಪ್ಪು ಅಂತ ನೇರವಾಗಿ ಹೇಳಿ. ಜಾತಿಗೆ ಕೆಟ್ಟ ಹೆಸರು ತರುವಂತೆ ಅದನ್ನು ಹೆಸರಿಸಬಾರದು ಅಂತ ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಭಾರತೀಯ ಪತ್ರಿಕಾ ಮಂಡಳಿಯ (ಪ್ರೆಸ್ ಕೌನ್ಸಿಲ್) ನಿಯಮಾವಳಿಯಲ್ಲೇ ಇದೆ. ಅವರು ಸರಿಪಡಿಸದಿದ್ದರೆ ಮಂಡಳಿಗೆ ದೂರು ಕೊಡಿ. ದಿನಪತ್ರಿಕೆಯಾದರೆ ಸುದ್ದಿ ಬಂದ 2 ತಿಂಗಳೊಳಗೆ. ಪತ್ರಿಕೆಯ ತುಣುಕು, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಈ ವಿಷಯ ಕೋರ್ಟಿನಲ್ಲಿಲ್ಲ ಎಂಬ ಘೋಷಣೆ ಜೊತೆಗಿರಲಿ. ಕತ್ತರಿಸುವಾಗ ತಾರೀಖು, ಪುಟದ ಸಂಖ್ಯೆ ಹೋಗದಂತೆ ನೋಡಿಕೊಳ್ಳಿ.

ಮಂಡಳಿ ದಂಡ ಹಾಕುವುದಿಲ್ಲ. 1978ರ ಪತ್ರಿಕಾ ಮಂಡಳಿ ಕಾಯ್ದೆಯಡಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ಅಷ್ಟೇ. ಆದರೂ ದಾಖಲೆಯಾಗಿ ಉಳಿಯುತ್ತದೆ ಅಲ್ವಾ?

ಟಿವಿಯದ್ದಾದರೆ ದಾರಿ ಬೇರೆ: ಮೊದಲು ಚಾನೆಲ್‌ಗೇ ದೂರು, 15 ದಿನದಲ್ಲಿ ಅವರು ತೀರ್ಮಾನ ಹೇಳಬೇಕು.

ಅನುವಾದ ಕಷ್ಟವಾದರೆ ತುಣುಕಿನ ಫೋಟೋ ಕಳಿಸಿ, ನಾನು ಮಾಡಿಕೊಡುತ್ತೇನೆ.