ಎರಡು ದಿನ ಕಾರ್ಯಾಗಾರ, ಮೂರನೇ ದಿನ ಕಡತದ ರಾಶಿ

ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ಕೆಲಸ. ಬೋಧಕರು, ಬೋಧಕೇತರರು ಇಬ್ಬರೂ ಪತ್ರ ಬರೆಯುತ್ತಾರೆ. ಈ ಸಲ ನಾಲ್ಕು ಪತ್ರ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ, ಯಾಕಂದ್ರೆ ಅದೇ ಮಾತನ್ನು ಬೇರೆ ಬೇರೆ ಊರಿನವರು ಬರೆದಿದ್ದಾರೆ.

ಪ್ರಶ್ನೆ: ಮೇಡಂ, ನಾನು ವಿಶ್ವವಿದ್ಯಾಲಯವೊಂದರ ಪರೀಕ್ಷಾ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಈಗ ಪ್ರಥಮ ದರ್ಜೆ ಸಹಾಯಕ ಹುದ್ದೆ, ಅಂದರೆ ಎಫ್‌ಡಿಎ. ಫಲಿತಾಂಶದ ಕೆಲಸ ಜೋರಾಗಿದ್ದ ಹೊತ್ತಲ್ಲೇ ನಮಗೆ ಎರಡು ದಿನ ‘ಒತ್ತಡ ನಿರ್ವಹಣೆ’ ಕಾರ್ಯಾಗಾರ ಇಟ್ಟರು. ಕಣ್ಣು ಮುಚ್ಚಿ ನಿಧಾನ ಉಸಿರಾಡಿ ಅಂದರು. ಕಣ್ಣು ಮುಚ್ಚಿದರೆ ನನಗೆ ಕಡತಗಳೇ ಕಾಣುತ್ತಿದ್ದವು. ಮೂರನೇ ದಿನ ಬಂದು ನೋಡಿದರೆ ಕೆಲಸ ಎರಡರಷ್ಟಾಗಿತ್ತು. ಇದರಿಂದ ಉಪಯೋಗ ಇದೆಯಾ?
— ಓದುಗರೊಬ್ಬರು, ಉತ್ತರ ಕರ್ನಾಟಕ

ಉತ್ತರ: ನಿಮ್ಮ ಬೇಸರ ಸರಿಯಾಗಿಯೇ ಇದೆ. ಉಸಿರಾಟ ಕಲಿಸಿದ್ದರಲ್ಲಿ ತಪ್ಪಿಲ್ಲ. ಐದು ನಿಮಿಷ ನಿಧಾನವಾಗಿ ಉಸಿರಾಡಿದರೆ ಮೈ ಸ್ವಲ್ಪ ಸಡಿಲವಾಗುತ್ತದೆ. ಆದರೆ ನಿಮ್ಮ ಒತ್ತಡ ಹುಟ್ಟುತ್ತಿರುವುದು ಮೇಜಿನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಅಂದರೆ ಏನು ಅಂತ ಬಿಡಿಸಿ ಹೇಳಿತು. ಅದನ್ನು ಕಾಯಿಲೆ ಅನ್ನಲಿಲ್ಲ. ಕೆಲಸದ ಜಾಗದಲ್ಲಿ ಬಹಳ ಕಾಲ ಉಳಿದು, ಯಾರೂ ಸರಿಪಡಿಸದೆ ಬಿಟ್ಟ ಒತ್ತಡದಿಂದ ಬರುವ ಸ್ಥಿತಿ ಅಂದಿತು. ಮೈಮನಸ್ಸು ಬತ್ತಿಹೋಗುವುದು, ಕೆಲಸದ ಮೇಲೆ ಜಿಗುಪ್ಸೆ ಬರುವುದು, ‘ನನ್ನ ಕೈಲಿ ಏನೂ ಆಗ್ತಿಲ್ಲ’ ಅನಿಸುವುದು ಅದರ ಗುರುತುಗಳು. 2022ರಲ್ಲಿ ಅದೇ ಸಂಸ್ಥೆ ಕೆಲಸದ ಜಾಗದ ಮಾನಸಿಕ ಆರೋಗ್ಯಕ್ಕೆ ಮಾರ್ಗಸೂಚಿ ತಂದಾಗ, ಕೆಲಸದ ಹೊರೆಯಂಥ ಮೂಲ ಕಾರಣಗಳನ್ನು ಸರಿಮಾಡಬೇಕು, ಮೇಲಧಿಕಾರಿಗಳಿಗೂ ತರಬೇತಿ ಕೊಡಬೇಕು ಅಂತ ಹೇಳಿತು. ನಮ್ಮಲ್ಲಿ ಆ ಎರಡನೇ ಮಾತನ್ನೇ ಮರೆಯುತ್ತಾರೆ. ಕಾರ್ಯಾಗಾರ ಉದ್ಘಾಟಿಸಿ, ಹಾರ ಹಾಕಿಸಿಕೊಂಡು ಹೊರಟುಬಿಡುವವರೇ ಒಳಗೆ ಕೂರಬೇಕಿತ್ತು.

ಬ್ರಿಟನ್ನಿನಲ್ಲಿ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಧ್ಯಾನದ ಆ್ಯಪ್, ಒತ್ತಡ ನಿರ್ವಹಣೆ ತರಬೇತಿ ಮುಂತಾದವುಗಳಲ್ಲಿ ಭಾಗವಹಿಸಿದವರು, ಭಾಗವಹಿಸದವರಿಗಿಂತ ಚೆನ್ನಾಗಿದ್ದಾರೆ ಅಂತ ಅದರಲ್ಲಿ ಕಂಡುಬರಲಿಲ್ಲ. ಸ್ವಯಂಸೇವೆಯ ಅವಕಾಶ ಕೊಟ್ಟಲ್ಲಿ ಮಾತ್ರ ಸ್ವಲ್ಪ ಒಳ್ಳೆಯದು ಕಂಡಿತು. ಅಲ್ಲಿಯ ಕಚೇರಿಯೇ ಬೇರೆ, ನಮ್ಮದೇ ಬೇರೆ, ನಿಜ. ಆದರೂ ಇದನ್ನು ಓದಿದ ಮೇಲೆ ನಾನು ಬರೀ ಉಸಿರಾಟ ಕಲಿಸಿ ಬರುವ ಕಾರ್ಯಕ್ರಮ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದೆ.

ಹಾಗಾದರೆ ಉಪಯೋಗಕ್ಕೆ ಬರುವುದು ಯಾವುದು? ನಾನು ಕಂಡ ಒಂದು ಕೌಂಟರ್ ಬಗ್ಗೆ ಹೇಳುತ್ತೇನೆ. ಅಂಕಪಟ್ಟಿಯಲ್ಲಿ ಹೆಸರು ತಿದ್ದಿಸಿಕೊಳ್ಳುವ ಕೌಂಟರ್ ಅದು. ಜಾಲಿ ಕಿಟಕಿ, ಕೆಳಗೆ ಕೈ ಹಿಡಿಸುವಷ್ಟು ತೂತು. ಒಳಗೆ ಒಬ್ಬರು ದ್ವಿತೀಯ ದರ್ಜೆ ಸಹಾಯಕರು, ಅಂದರೆ ಎಸ್‌ಡಿಎ, ಹೊರಗೆ ಮೂವತ್ತು ಜನ. ಹಳ್ಳಿಯಿಂದ ಬೆಳಗ್ಗೆ ಐದಕ್ಕೆ ಬಸ್ಸು ಹತ್ತಿ ಬಂದ ಹುಡುಗನಿಗೆ ಇವತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೆರಾಕ್ಸ್ ತಾ ಅನ್ನುತ್ತಾರೆ. ಮುಂದಿನ ವಾರ ಬಂದರೆ ಬೇರೆ ಸಿಬ್ಬಂದಿ, ಪ್ರಾಂಶುಪಾಲರ ಪತ್ರ ಎಲ್ಲಿ ಅನ್ನುತ್ತಾರೆ. ಮೂರನೇ ಸಲಕ್ಕೆ ಚಲನ್ ಬೇರೆಯದು ಬೇಕು. ಆಗ ಹುಡುಗ ಕಿರುಚುತ್ತಾನೆ, ಒಳಗಿನವರೂ ಕಿರುಚುತ್ತಾರೆ. ಸಂಜೆ ಇಬ್ಬರಿಗೂ ತಲೆನೋವು.

ಆ ಕೌಂಟರಿನ ವಿಭಾಗದವರಿಗೆ ಇಟ್ಟ ಕಾರ್ಯಾಗಾರಕ್ಕೆ ನಾನು ಎಲ್ಲರನ್ನೂ ‘ತುಂಬ ದಿನದಿಂದ ಸಿಕ್ಕಿಕೊಂಡ ಒಂದು ಕಡತ ತನ್ನಿ’ ಅಂತ ಕೇಳಿದ್ದೆ. ಹದಿನೆಂಟು ಕಡತ ಬಂದವು. ಬಿಡಿಸಿ ನೋಡಿದರೆ ಹನ್ನೊಂದು ಕಡತ ನಿಂತಿದ್ದಕ್ಕೆ ಒಂದೇ ಕಾರಣ: ಯಾವ ದಾಖಲೆ ಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ ಗೊತ್ತಿತ್ತು. ಅಧೀಕ್ಷಕರನ್ನು ಕೂರಿಸಿಕೊಂಡು, ಅಲ್ಲೇ ಒಂದು ಪಟ್ಟಿ ಮಾಡಿದೆವು. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕಿಟಕಿ ಪಕ್ಕ ಅಂಟಿಸಿದೆವು. ಎರಡು ತಿಂಗಳು ಬಿಟ್ಟು ಹೋದಾಗ ಅಲ್ಲಿದ್ದ ಸಿಬ್ಬಂದಿ ‘ಈಗ ಮಧ್ಯಾಹ್ನದ ಊಟ ಬಿಸಿ ಇರುವಾಗಲೇ ತಿಂತೀನಿ ಮೇಡಂ’ ಅಂದರು. ನನಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ.

ನಿಮ್ಮ ವಿಭಾಗದಲ್ಲೂ ಇದನ್ನು ಕೇಳಿ. ಒಬ್ಬರೇ ಹೋಗಬೇಡಿ, ಆರೇಳು ಜನ ಸಹಿ ಮಾಡಿ ಕುಲಸಚಿವರಿಗೂ ಐಕ್ಯೂಎಸಿಗೂ (ಸಂಸ್ಥೆಯ ಗುಣಮಟ್ಟ ನೋಡಿಕೊಳ್ಳುವ ಒಳಗಿನ ಘಟಕ) ಪತ್ರ ಕೊಡಿ. ಇನ್‌ವರ್ಡ್ ಮಾಡಿಸಿ ನಂಬರ್ ಇಟ್ಟುಕೊಳ್ಳಿ. ಫಲಿತಾಂಶ, ಮೌಲ್ಯಮಾಪನ, ಪ್ರವೇಶಾತಿ ಸಮಯ ಬಿಟ್ಟು ದಿನಾಂಕ ಇಡಿ ಅಂತ ಬರೆಯಿರಿ. ತರಬೇತಿಗೆ ಹೋದವರ ಕೆಲಸ ಆ ದಿನ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಆದೇಶದಲ್ಲೇ ಬರೆಯಬೇಕು ಅಂತ ಕೇಳಿ. ವಿಷಯವನ್ನು ನೀವೇ ಸೂಚಿಸಿ: ಪ್ರವೇಶ, ಪರೀಕ್ಷೆಯ ಕೆಲಸಕ್ಕೆ ಬಳಸುವ ಸರ್ಕಾರದ ತಂತ್ರಾಂಶ ಯುಯುಸಿಎಂಎಸ್‌ನಲ್ಲಿ ದಿನಾ ಸಿಕ್ಕಿಕೊಳ್ಳುವ ಪುಟಗಳು, ಸಿಟ್ಟಲ್ಲಿ ಬಂದವರ ಜೊತೆ ಮಾತು, ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ. ಒಂದು ಕೆಲಸ ಸಲೀಸಾಗಿ ಬಂತು ಅಂದರೆ ಆ ಕೆಲಸದ ಭಯ ಹೋಗುತ್ತದೆ. ವೃತ್ತಿ ತರಬೇತಿಯನ್ನೂ ಮನಸ್ಸಿನ ನೆಮ್ಮದಿಯನ್ನೂ ಬೇರೆ ಬೇರೆ ಮಾಡಿ ನೋಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು ಮಾತು. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಗ್ರೇಡ್ ಕೊಡುವ ನ್ಯಾಕ್ ಮೌಲ್ಯಾಂಕನದ ಕೈಪಿಡಿಗಳಲ್ಲಿ ಆರನೇ ಮಾನದಂಡದಡಿ ಬೋಧಕೇತರ ಸಿಬ್ಬಂದಿಯ ಕಲ್ಯಾಣ ಮತ್ತು ಆಡಳಿತ ತರಬೇತಿಯನ್ನೂ ಕೇಳುತ್ತ ಬಂದಿದ್ದಾರೆ. ಪತ್ರದಲ್ಲಿ ಆ ಸಾಲು ಸೇರಿಸಿ. ಐಕ್ಯೂಎಸಿಯವರು ಆಗ ಬೇಗ ಓದುತ್ತಾರೆ.

ಪ್ರಶ್ನೆ: ನಾನು ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಸಹಾಯಕ ಪ್ರಾಧ್ಯಾಪಕ. ಸೇರಿ ಮೂರು ವರ್ಷ ಆಯಿತು, ಪಿಎಚ್‌ಡಿ ಇದೆ. ಇಂಡಕ್ಷನ್ (ಹೊಸಬರ ತರಬೇತಿ), ರಿಫ್ರೆಶರ್ (ಮರುತರಬೇತಿ), ಎಫ್‌ಡಿಪಿ (ಬೋಧಕರ ಅಭಿವೃದ್ಧಿ ಕಾರ್ಯಕ್ರಮ), ಮೂಕ್ (ಆನ್‌ಲೈನ್ ಕೋರ್ಸು) ಎಲ್ಲ ಕೇಳಿ ತಲೆ ಗೊಂದಲವಾಗಿದೆ. ಬಡ್ತಿಗೆ ಯಾವುದು ಬೇಕು? ಓಓಡಿ, ಅಂದರೆ ಕಾಲೇಜಿನ ಕೆಲಸದ ಮೇಲೆ ಹೊರಗೆ ಹೋಗುವ ಅನುಮತಿ, ಕೇಳಿದರೆ ಪ್ರಾಂಶುಪಾಲರು ‘ಪಾಠ ಯಾರು ಮಾಡ್ತಾರೆ’ ಅಂತಾರೆ.
— ಓದುಗರೊಬ್ಬರು, ಮಲೆನಾಡು

ಉತ್ತರ: ಸ್ಟಾಫ್ ರೂಮಿನ ಹಿರಿಯರು ಇನ್ನೂ ‘ಎಎಸ್‌ಸಿ ಕೋರ್ಸು’ ಅನ್ನುತ್ತಾರೆ, ಅಲ್ವಾ? 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಶುರುಮಾಡಿದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಮುಂದೆ ಎಚ್‌ಆರ್‌ಡಿಸಿ (ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ) ಆದವು. 2023ರ ಸೆಪ್ಟೆಂಬರ್ 5ರಂದು ಮಾಳವೀಯ ಮಿಷನ್ ಬಂದ ಮೇಲೆ ಅವೇ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರಗಳಾದವು. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಇವೆ. ಹೆಸರು ಬದಲಾದದ್ದೇ ಅರ್ಧ ಗೊಂದಲಕ್ಕೆ ಕಾರಣ.

ಯುಜಿಸಿಯ 2018ರ ನಿಯಮದಲ್ಲಿ, ಪಿಎಚ್‌ಡಿ ಇದ್ದವರು ಸಂಬಳದ ಲೆವೆಲ್ 10ರಿಂದ 11ಕ್ಕೆ, ಅಂದರೆ ಮೊದಲ ಬಡ್ತಿಗೆ, ಹೋಗಲು ನಾಲ್ಕು ವರ್ಷ ಸೇವೆ ಬೇಕು. ಜೊತೆಗೆ 21 ದಿನದ ಓರಿಯಂಟೇಶನ್ ಆಗಿರಬೇಕು. ಈಗ ಆ ಜಾಗದಲ್ಲಿ ನಡೆಯುವುದು ‘ಗುರುದಕ್ಷತಾ’ ಅಂತ ಕರೆಯುವ ಫ್ಯಾಕಲ್ಟಿ ಇಂಡಕ್ಷನ್. ಇದರ ಮೇಲೆ ರಿಫ್ರೆಶರ್, ಕನಿಷ್ಠ ಐದು ದಿನದ ಎಫ್‌ಡಿಪಿ, ಪ್ರಮಾಣಪತ್ರ ಸಿಗುವ ಮೂಕ್ ಇವುಗಳಲ್ಲಿ ಒಂದು ಸಾಕು. ಮಾಳವೀಯ ಕೇಂದ್ರಗಳು ಆನ್‌ಲೈನಿನಲ್ಲಿ ನಡೆಸುವ 36 ಗಂಟೆಯ ಎನ್‌ಇಪಿ (2020ರ ರಾಷ್ಟ್ರೀಯ ಶಿಕ್ಷಣ ನೀತಿ) ಕಾರ್ಯಕ್ರಮ ಬೇರೆ. ಅದನ್ನು 21 ದಿನದ ಕೋರ್ಸು ಅಂತ ತಿಳಿದು ಕೂತವರನ್ನು ನೋಡಿದ್ದೇನೆ. ನಿಮಗೆ ಇರುವುದು ಒಂದೇ ವರ್ಷ. ಇಂಡಕ್ಷನ್ ಮೊದಲು ಮುಗಿಸಿ. 2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ನಿಯಮ ಹೊರಡಿಸಿದೆ. ಹಾಗಾಗಿ ಅರ್ಜಿ ಹಾಕುವ ಮುಂಚೆ ಇಲಾಖೆಯ ಈಗಿನ ಆದೇಶ ಒಮ್ಮೆ ಓದಿಕೊಳ್ಳಿ.

ಓಓಡಿ ವಿಷಯ. ಪ್ರಾಂಶುಪಾಲರ ಚಿಂತೆಯೂ ಸುಳ್ಳಲ್ಲ. ಬರಿಗೈಯಲ್ಲಿ ಹೋಗಬೇಡಿ. ಬ್ಯಾಚು ಪ್ರಕಟವಾದ ದಿನವೇ ಅರ್ಜಿ ಬರೆದು, ನಿಮ್ಮ ಟೈಮ್‌ಟೇಬಲ್ ಅಂಟಿಸಿ, ಯಾವ ತರಗತಿ ಯಾರು ತೆಗೆದುಕೊಳ್ಳುತ್ತಾರೆ, ವಾಪಸ್ ಬಂದು ನೀವು ಅವರ ಯಾವ ತರಗತಿ ತೀರಿಸುತ್ತೀರಿ ಅಂತ ಆ ಸಹೋದ್ಯೋಗಿಯ ಸಹಿ ಸಮೇತ ಕೊಡಿ.

ದಯವಿಟ್ಟು ಒಂದು ಮಾಡಬೇಡಿ. ಕ್ಯಾಮೆರಾ ಆಫ್ ಮಾಡಿ, ಮೊಬೈಲನ್ನು ಅಡುಗೆಮನೆ ಕಟ್ಟೆ ಮೇಲಿಟ್ಟು ಕೋರ್ಸು ಮುಗಿಸಬೇಡಿ. ಕೋರ್ಸಿನ ದಿನಗಳಲ್ಲಿ ನಿಮ್ಮ ಒಂದು ಪಾಠವನ್ನಾದರೂ ಬಿಚ್ಚಿ ಹೊಸದಾಗಿ ಕಟ್ಟಿಕೊಳ್ಳಿ. ಹಿಂದಿನ ಬೆಂಚಿನ ಹುಡುಗಿಗೆ ಯಾವ ಪಾಠ ಹತ್ತುತ್ತಿಲ್ಲವೋ ಅದನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ದಿನಕ್ಕೆ ನಾಲ್ಕು ತರಗತಿ, ಒಂದೊಂದರಲ್ಲಿ ಎಂಬತ್ತು ಜನ. ಗುರುವಾರ ಬರುವ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಇದೆಲ್ಲ ಮಾಮೂಲಿ ಅಂತಾರೆ ಹಿರಿಯರು.
— ಉಪನ್ಯಾಸಕಿ, ತುಮಕೂರು

ಉತ್ತರ: ಮಾಮೂಲಿ ಅಂತ ಬಿಡಬೇಡಿ. ದನಿ ಒರಟಾಗಿ ಮೂರು ವಾರ ದಾಟಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತೊಂದರೆಗೇ ಪರೀಕ್ಷೆ, ಚಿಕಿತ್ಸೆ ಇದೆ. ಅಲ್ಲಿವರೆಗೆ ತರಗತಿಗೆ ನೀರಿನ ಬಾಟಲಿ ಒಯ್ಯಿರಿ. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಡಿ, ಗುಟುಕು ನೀರು ಕುಡಿಯಿರಿ. ಬೋರ್ಡಿನ ಕಡೆ ಮುಖ ಮಾಡಿ ಮಾತಾಡಿದರೆ ಜಾಸ್ತಿ ಕೂಗಬೇಕಾಗುತ್ತದೆ, ಬರೆಯುವಾಗ ಸುಮ್ನಿರಿ. ಕಾಲೇಜಿಗೆ ಒಂದು ಕಾಲರ್ ಮೈಕ್ ಕೇಳಿ. ಮುಂದಿನ ಸಿಬ್ಬಂದಿ ಕಾರ್ಯಾಗಾರದಲ್ಲಿ ದನಿಯ ಬಗ್ಗೆ ಒಂದು ಗಂಟೆ ಇಡಿ ಅಂತಲೂ ಹೇಳಿ. ಮಾತನ್ನೇ ನಂಬಿ ದುಡಿಯುವವರಿಗೆ ಇದನ್ನು ಯಾರೂ ಕಲಿಸುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಪ್ರಶ್ನೆ: ನಾನು ಅತಿಥಿ ಉಪನ್ಯಾಸಕ. ಕಾರ್ಯಾಗಾರದಲ್ಲಿ ಎಲ್ಲರೂ ವೃತ್ತವಾಗಿ ಕೂತು ಮನಸ್ಸಿನ ಭಾರ ಹೇಳಿಕೊಳ್ಳಿ ಅಂದರು. ನಾನು ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಯೋಚನೆಯಲ್ಲೇ ರಾತ್ರಿ ನಿದ್ದೆ ಬರುತ್ತಿಲ್ಲ. ಯಾರ ಹತ್ತಿರವಾದರೂ ಮಾತಾಡಬೇಕು, ಆದರೆ ಸುದ್ದಿಯಾದರೆ?
— ಹೆಸರು, ಊರು ಬೇಡ

ಉತ್ತರ: ಬಾಯಿ ಬಿಡದೆ ಇದ್ದದ್ದು ಒಳ್ಳೆಯದೇ ಆಯಿತು. ಶುರುವಿನ ದಿನಗಳಲ್ಲಿ ನಾನೂ ಹಾಗೆ ವೃತ್ತದಲ್ಲಿ ಕೂರಿಸುತ್ತಿದ್ದೆ. ಒಂದು ಸಲ ಒಬ್ಬ ಹೆಣ್ಣುಮಗಳು ಮನೆಯ ಕಷ್ಟ ಹೇಳುತ್ತ ಅತ್ತುಬಿಟ್ಟಳು. ಎರಡು ಕುರ್ಚಿ ಆಚೆ ಅವಳ ವಿಭಾಗದ ಮುಖ್ಯಸ್ಥರು ಕೂತಿದ್ದರು. ಅವಳು ಕಣ್ಣೊರೆಸಿಕೊಂಡು ಮೊದಲು ನೋಡಿದ್ದು ಅವರ ಮುಖವನ್ನು. ಆ ನೋಟ ನನಗೆ ಇನ್ನೂ ಮರೆತಿಲ್ಲ. ತಪ್ಪು ನನ್ನದು. ಅವತ್ತಿಂದ ಅದನ್ನು ಬಿಟ್ಟೆ. ಸಂಬಳ, ಕೆಲಸ ಯಾರ ಕೈಯಲ್ಲಿದೆಯೋ ಅವರ ಎದುರು ಒಳಗಿನದನ್ನು ಬಿಚ್ಚಿಡು ಅಂತ ಯಾರೂ ಯಾರನ್ನೂ ಕೇಳಬಾರದು.

ನಿಮ್ಮ ಚಿಂತೆಗೆ ಕಾರಣ ನಿಜವಾದದ್ದು, ನಿಮ್ಮ ಮನಸ್ಸಿನ ದೋಷ ಅಲ್ಲ. ಕೆಲಸದ ಅಭದ್ರತೆಯನ್ನು ಯಾವ ಆಪ್ತಸಮಾಲೋಚಕರೂ ತೆಗೆಯಲಾರರು. ಆದರೆ ನಿದ್ದೆ ಕೆಟ್ಟರೆ ಉಳಿದದ್ದೆಲ್ಲ ಕೆಡುತ್ತದೆ, ಅದಕ್ಕೆ ಸಹಾಯ ಸಿಗುತ್ತದೆ. 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಕಾಲೇಜಿಗೂ ಅದಕ್ಕೂ ಸಂಬಂಧವೇ ಇಲ್ಲ. ಬೆಂಗಳೂರಿಗೆ ಬಂದು ಹೋಗುವುದಾದರೆ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಆಸ್ಪತ್ರೆಯ ಒಳಗೆ ಹೋಗಲು ಹಿಂಜರಿಯುವವರಿಗೆ ಅದು ಸುಲಭ.

ಸುದ್ದಿಯಾಗುವ ಭಯಕ್ಕೆ: ಚಿಕಿತ್ಸೆ ಕೊಡುವವರು ರೋಗಿಯ ಮಾತನ್ನು ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಜೀವಕ್ಕೆ ಅಪಾಯ ಇದ್ದಾಗ, ನ್ಯಾಯಾಲಯ ಕೇಳಿದಾಗ, ಹೀಗೆ ಕೆಲವೇ ವಿನಾಯಿತಿ. ಕಾಲೇಜಿನಲ್ಲೇ ಇರುವ ಸಮಾಲೋಚಕರ ಹತ್ತಿರ ಹೋದರೆ, ಮೊದಲ ಮಾತಿನಲ್ಲೇ ‘ನೀವು ಬರೆದುಕೊಳ್ಳುವುದನ್ನು ಯಾರು ನೋಡುತ್ತಾರೆ’ ಅಂತ ಕೇಳಿ. ಅವರು ತಡವರಿಸಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಮಲಗಿದಾಗ ಎದೆ ಹೊಡೆದುಕೊಳ್ಳುವುದು, ಊಟ ಸೇರದಿರುವುದು, ಬದುಕೇ ಬೇಡ ಅನಿಸುವುದು ಇದ್ದರೆ ನಾಳೆಗೆ ಇಡಬೇಡಿ. ಈ ರಾತ್ರಿಯೇ ಆ ನಂಬರಿಗೆ ಫೋನ್ ಮಾಡಿ. ಮನೆಯಲ್ಲೂ ಒಬ್ಬರಿಗೆ ಹೇಳಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಮೇಲೆ ನನಗೆ ಎರಡು ಸಾಲು ಬರೆಯಿರಿ, ಹೆಸರು ಬೇಡ.